ಮಲೇಸ್‌ಗೆ ಒಂದು ದಿನ ರಜ

ನಮ್ಮ ಕಡೆ ಕಾಯಿಲೆ ಬಿದ್ದರೆ ಆಸ್ಪತ್ರೆ ಸೇರುವ ಹಾಗೆ ಬೀಳಬೇಕು. ಸಣ್ಣದಾಗಿ ಬಿದ್ದವನನ್ನು ಯಾರೂ ನೆಟ್ಟಗೆ ಮಲಗಲು ಬಿಡುವುದಿಲ್ಲ. ನನ್ನ ಮನೆ ನಂಜನಗೂಡಿನಲ್ಲಿ, ಇಂಗ್ಲಿಷ್ ಪಾಠ ಹೇಳುವುದು ತಿ. ನರಸೀಪುರದ ಹೈಸ್ಕೂಲಿನಲ್ಲಿ. ನನಗೆ ಬೇಕಾಗಿದ್ದದ್ದು ಒಂದೇ ಒಂದು ದಿನದ ನಿದ್ದೆ.

೧. ರಜಾ ಚೀಟಿ

ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಕೂರಲಾರೆ, ನಿಲ್ಲಲಾರೆ. ಸುಳ್ಳು ಜ್ವರ ಬರೆಯಲು ಮನಸ್ಸಾಗದೆ ಶನಿವಾರದ ರಜಾ ಚೀಟಿಯಲ್ಲಿ ‘ಮಲೇಸ್’ ಎಂದು ಬರೆದೆ.

ಹೆಡ್‌ಮಾಸ್ಟರು ಚೀಟಿಯನ್ನು ದೂರ ಹಿಡಿದು, “ಇದು ಅಂಟುತ್ತೇನ್ರೀ?” ಎಂದರು.

“ಇಲ್ಲ ಸಾರ್. ಫ್ರೆಂಚರಿಂದ ಬಂದ ಪದ. ‘ಮಾಲ್’ ಅಂದ್ರೆ ಕೆಟ್ಟದ್ದು, ‘ಏಸ್’ ಅಂದ್ರೆ ನೆಮ್ಮದಿ. ಇಂಥದೇ ರೋಗ ಅಂತಿಲ್ಲ, ಮೈಗೆ ನೆಮ್ಮದಿ ಕೆಟ್ಟಿದೆ.”

“ನೆಮ್ಮದಿ ಕೆಟ್ಟೋರಿಗೆಲ್ಲ ರಜ ಕೊಟ್ರೆ ಇಲ್ಲಿ ಬೆಲ್ ಹೊಡೆಯೋಕೂ ಯಾರೂ ಉಳಿಯಲ್ಲ ಕಣ್ರೀ” ಎಂದು ಸೈನ್ ಮಾಡಿದರು.

೨. ನೋಡಲು ಬಂದವರು

ಶನಿವಾರ ಕಣ್ಣು ಮುಚ್ಚಿದ್ದೆ ಅಷ್ಟೆ. ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬೀದಿಯೇ ಬಂತು. ಎಲ್ಲರಿಗೂ ಎದ್ದು ಕೂತು, ಏನೂ ಇಲ್ಲ ಎಂದು ಹೇಳಿ ಹೇಳಿ ನಿಜವಾಗಿಯೂ ಸುಸ್ತಾದೆ.

ಕಳಲೆಯಿಂದ ಬಂದ ದೊಡ್ಡಮ್ಮ ನನ್ನ ಅಮ್ಮನನ್ನು ಪಕ್ಕಕ್ಕೆ ಕರೆದು, “ನಮ್ ಬಾವ್ನೋರೂ ಇಂಗೇ ಕಣವ್ವ. ಸನಿವಾರ ಏನಿಲ್ಲ ಅಂದ್ರು, ಮಂಗ್ಳವಾರ ಅವ್ರೇ ಇಲ್ಲ” ಎಂದಳು.

ಅಮ್ಮ ಅಲ್ಲೇ ಕೈಮುಗಿದು ನಂಜುಂಡಪ್ಪನಿಗೆ ಮುಡಿ ಹರಕೆ ಹೊತ್ತಳು.

“ಯಾರ ಮುಡಿ?” ಎಂದೆ.

“ನಿಂದೇ ಕಣ್ಲಾ. ಕಾಯ್ಲೆ ನಂದಾ?”

೩. ಸೋಮವಾರ

ಭಾನುವಾರ ಬೆಳಿಗ್ಗೆಯೇ ಹೊಳೆ ದಡದಲ್ಲಿ ಕೂರಿಸಿ ಬೋಳಿಸಿಬಿಟ್ಟರು. ಆ ತಲೆ ಹೊತ್ತು ಸೋಮವಾರ ಸ್ಕೂಲಿಗೆ ಹೋದೆ. ಹೆಡ್‌ಮಾಸ್ಟರು ಗೇಟಿನಲ್ಲೇ ನನ್ನ ಕೈ ಹಿಡಿದರು.

“ಯಾವಾಗ ಆಯ್ತು?”

“ನಿನ್ನೆ ಬೆಳಿಗ್ಗೆ ಸಾರ್.”

“ಎಲ್ಲಿ?”

“ಕಪಿಲೆ ದಡದಲ್ಲಿ.”

“ತಂದೆಯವರಾ?”

ಇವರು ಅಪ್ಪನನ್ನು ಯಾಕೆ ಕೇಳುತ್ತಾರೋ ತಿಳಿಯಲಿಲ್ಲ. “ಅವರು ಹೋಗಿ ಹತ್ತು ವರ್ಷ ಆಯ್ತಲ್ಲ ಸಾರ್” ಎಂದೆ. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು, “ಬೇಡಿ, ಇನ್ನು ಮಾತಾಡಬೇಡಿ” ಎಂದು ಹೋದರು.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಬಾಗಿಲಲ್ಲಿ ಕಾರು ನಿಂತಿತ್ತು. ಒಳಗೆ ಹೆಡ್‌ಮಾಸ್ಟರೂ ಮೂವರು ಮೇಷ್ಟ್ರುಗಳೂ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದರು. ಅಮ್ಮನ ಫೋಟೋಗೆಂದು ಅವರು ತಂದ ಗುಲಾಬಿ ಹಾರ ಅಮ್ಮನ ಕೊರಳಲ್ಲೇ ಇತ್ತು. ಬಾಗಿಲು ತೆಗೆದವಳು ಅವಳೇ. “ಆರ ಯಾರ್ಗೆ ಸಾ?” ಎಂದಳಂತೆ. ಗಾಬರಿಯಲ್ಲಿ ಹೆಡ್‌ಮಾಸ್ಟರ ಬಾಯಿಂದ “ನಿಮಗೇ ಅಮ್ಮಾ” ಎಂದು ನಿಜವೇ ಬಂದುಬಿಟ್ಟಿತಂತೆ.

ನನ್ನನ್ನು ನೋಡಿ ಅಮ್ಮನ ಮುಖ ಅರಳಿತು.

“ನೋಡ್ಲಾ, ಅರಕೆ ತೀರ್ಸುದ್ದಕ್ಕೆ ನಂಗೆ ಸನ್ಮಾನ ಮಾಡವ್ರೆ. ನಿಂಗೆ ಪೂರ್ತಿ ವಾಸಿಯಾಯ್ತು, ಇನ್ಮೇಲೆ ಒಂದಿನಾನೂ ರಜ ಕೊಡ್ಬ್ಯಾಡಿ ಅಂತ ನಾನೇ ಏಳ್ಬುಟ್ಟೆ.”