ಕಬ್ಬಿಣದ ತಮ್ಮ ಮತ್ತು ನನ್ನ ಇಂಗ್ಲಿಷ್

ಸಿನಿಮಾ ನೋಡಿ ಹಾಳಾದ ಮಂದಿ ಭಾಳ ಇದ್ದಾರ. ಸಿನಿಮಾ ಹೇಳಿ ಹಾಳಾದಂವ ನಾನೊಬ್ಬನೇ ಇರಬೇಕು. ಅದೂ ಒಂದೇ ಸಿನಿಮಾ. ಒಂದು ಸಲ ಹಾಳಾಗಿ ಮುಗದಿದ್ರ ಗಪ್ ಕೂಡ್ತಿದ್ದೆ. ಮೂವತ್ತು ವರ್ಷದಿಂದ ಸ್ವಲ್ಪ ಸ್ವಲ್ಪೇ ಹಾಳಾಗಾಕತ್ತೀನಿ. ಈ ದುಃಖ ಯಾರ ಮುಂದ ಹೇಳ್ಕೊಳ್ಳಿ? ನಿಮ್ಮ ಮುಂದೇ ಹೇಳ್ತೀನಿ, ನಗಬ್ಯಾಡ್ರಿ.

ಶಹಾಬಾದದ ದೇವರ ಪಿಚ್ಚರ್

ಅದು ಕ್ಯಾಸೆಟ್ಟಿನ ಕಾಲ. ನಾನು ಶಹಾಬಾದದಾಗ ಫರಸಿ ಕಲ್ಲಿನ ಖಣಿಯೊಳಗ ಕಾರಕೂನ. ನನ್ನ ದೋಸ್ತನೊಬ್ಬ ವಿಡಿಯೋ ಅಂಗಡಿ ಇಟ್ಟಿದ್ದ. ಐತವಾರ ಮಧ್ಯಾಹ್ನ ಕಿಟಕಿಗೆ ಗೋಣಿತಾಟು ಕಟ್ಟಿ, ಮಂದೀನ ಸಾಲಾಗಿ ಕುಂದ್ರಿಸಿ ಪಿಚ್ಚರ್ ತೋರಿಸ್ತಿದ್ದ. ನಾನು ಅವನ ಜೋಡಿ ಬಾಗಲದಾಗ ನಿಂದರ್ತಿದ್ದೆ.

ಒಂದು ಐತವಾರ ದೇವರ ಪಿಚ್ಚರ್ ಅಂತ ಊರೆಲ್ಲಾ ಹೇಳಿದ್ವಿ. ಹೆಣ್ಮಕ್ಕಳು ಊದಿನಕಡ್ಡಿ ಹಿಡ್ಕೊಂಡು ಬಂದ್ರು. ಒಬ್ಬಾಕಿ ಅಜ್ಜಿ ತೆಂಗಿನಕಾಯೇ ತಂದಿದ್ಲು. ಕ್ಯಾಸೆಟ್ ಹಾಕಿದ್ರ ಡಬ್ಬಿ ದೇವರದು, ಒಳಗಿನ ಮಾಲು ಇಂಗ್ಲಿಷ್! ಆಕಾಶದಾಗ ಒಂದು ಹಡಗ ಹೊಂಟದ, ಅದರಾಗ ಒಬ್ಬ ಬೋಳತಲಿ ಕಪ್ತಾನ, ಬಾಜೂಕ ಒಬ್ಬ ಕಬ್ಬಿಣದ ಮನುಷ್ಯಾ. ಇಬ್ಬರೂ ಕೂಡಿ ಯಾರನ್ನೋ ಬಡೀಲಿಕತ್ತಾರ.

“ದೇವರೆಲ್ಲೋ?” ಅಂತ ಅಜ್ಜಿ ಕೇಳಿದ್ಲು. ದೋಸ್ತ ಹಿತ್ತಲ ಬಾಗಲದಿಂದ ಪರಾರಿ. ಅಜ್ಜಿ ಕೈಯಾಗಿನ ತೆಂಗಿನಕಾಯಿ ನನ್ನ ಕಡಿ ತಿರುಗ್ತು. ನಾನು ಓಡಿಹೋಗಿ ಟಿ.ವಿ. ಬಾಜೂಕ ನಿಂತು ಶುರು ಮಾಡ್ದೆ.

“ಯವ್ವಾ, ಈ ಬೋಳತಲಿಯಂವ ಅಣ್ಣ, ಕಬ್ಬಿಣದಂವ ಅವನ ಬೆನ್ನಿಗೆ ಬಿದ್ದ ತಮ್ಮ. ಸಣ್ಣವರಿದ್ದಾಗ ವಾಡಿ ಜಂಕ್ಷನ್ನಿನಾಗ ಗಾಡಿ ಬದಲಿ ಮಾಡುವಾಗ ಅಗಲಿದ್ರು.”

“ತಮ್ಮ ಕಬ್ಬಿಣ ಯಾಕಾದ?”

“ಅಣ್ಣನ ಚಿಂತಿ ಮಾಡಿ ಮಾಡಿ ಮೈಯೆಲ್ಲಾ ಗಟ್ಟಿ ಆಯ್ತು.”

ಕಡೀಕ ಕಬ್ಬಿಣದಂವ ಅಣ್ಣನ್ನ ಉಳಿಸಾಕ ಹೋಗಿ ಬೆಂಕ್ಯಾಗ ಬಿದ್ದ. ಹೆಣ್ಮಕ್ಕಳು ಬಿಕ್ಕಿ ಬಿಕ್ಕಿ ಅತ್ರು. ಅಜ್ಜಿ ಟಿ.ವಿ. ಮುಂದ ಕಾಯಿ ಒಡದು, “ಇಂಥಾ ತಮ್ಮ ಯಾವ ದೇವರಿಗೆ ಕಮ್ಮಿ ಅದಾನ?” ಅಂದ್ಲು.

ನಾನು ಹತ್ತನೇತ್ತಿನಾಗ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡದಂವ. ಇಡೀ ಪಿಚ್ಚರಿನಾಗ ನನಗ ತಿಳದದ್ದು ‘ಯಸ್’ ಮತ್ತ ‘ನೋ’. ಉಳಿದದ್ದೆಲ್ಲಾ ಆ ತೆಂಗಿನಕಾಯಿ ಹೆದರಿಕಿಗೆ ಬಂದದ್ದು.

ಸೇಡಂದ ಇಂಗ್ಲಿಷ್ ಸರ್

ಸುದ್ದಿ ಹಬ್ಬಿತು. ಸೇಡಂದಾಗ ನನ್ನ ಕರಿಸಿ ಅದೇ ಪಿಚ್ಚರ್ ಹೇಳಿಸಿದ್ರು. ಎದ್ದು ನಿಂತು ನೋಡ್ತೀನಿ, ಮುಂದಿನ ಕುರ್ಚಿಯಾಗ ಕಾಲೇಜಿನ ಇಂಗ್ಲಿಷ್ ಸರ್! ನನ್ನ ಮರ್ಯಾದಿ ಇವತ್ತ ಮಣ್ಣಾತು ಅನ್ಕೊಂಡೇ ಎರಡು ತಾಸು ಒದರಿದೆ. ಸರ್ ಒಮ್ಮೆರೆ ನಗಲಿಲ್ಲ. ಮುಗದ ಮ್ಯಾಲ ನನ್ನ ಮೂಲಿಗೆ ಕರದ್ರು.

“ತಮ್ಮಾ, ಎಷ್ಟು ಓದೀದಿ?”

“ಹತ್ತು ಫೇಲ್‌ರೀ ಸರ್.”

“ನಾನು ಎಂ.ಎ. ಈ ಪಿಚ್ಚರ್ ಹೈದ್ರಾಬಾದದಾಗ ಮೂರು ಸಲ ನೋಡೀನಿ. ಅವರಿಬ್ಬರು ಅಣ್ಣ-ತಮ್ಮ ಅಂತ ಇವತ್ತೇ ತಿಳೀತು ನೋಡು.”

ಚಿತ್ತಾಪುರದ ಸಂಬಂಧ

ಚಿತ್ತಾಪುರದಾಗ ಒಬ್ಬರ ಮನ್ಯಾಗ ಕೂಸಿನ ಹೆಸರಿಡೋ ಕಾರ್ಯ. ಉಂಡ ಮಂದಿಗೆ ಹೊತ್ತು ಹೋಗ್ಲಿ ಅಂತ ಅದೇ ಪಿಚ್ಚರಿನ ವಿಡಿಯೋ ತರಿಸಿದ್ರು, ಜೋಡಿಗೆ ನನ್ನೂ ಕರಿಸಿದ್ರು. ಕುಂಚಾವರಂದಿಂದ ಬಂದ ಒಬ್ಬ ಲೆಕ್ಕದ ಮಾಸ್ತರರು ಮುಂದ ಕುಂತು ಅಂಗವಸ್ತ್ರ ತೊಯ್ಯುವಂಗ ಅತ್ರು. ಅತ್ತು ಮುಗಿಸಿ ಕೇಳಿದ್ರು: “ಯಾರ ಪೈಕಿ ತಮ್ಮಾ? ಮದಿವಿ ಆಗ್ಯದೇನು?”

ಹಿಂಗ ಮಾಸ್ತರರು ನನ್ನ ಮಾವ ಆದ್ರು. ಮದಿವಿಯಾಗ ಎಲ್ಲರ ಮುಂದೂ ಒಂದೇ ಮಾತು: “ಹೊಲ ಮನಿ ಇಲ್ಲಂದ್ರೂ ನಡೀತದ, ಹುಡುಗನ ಬಾಯಾಗ ಇಂಗ್ಲಿಷ್ ಅದ.”

ಅಲ್ಲಿಂದ ನನ್ನ ಗ್ರಹಚಾರ ಶುರು. ಮಾವನ ಮನಿಗೆ ಏನು ಇಂಗ್ಲಿಷ್ ಕಾಗದ ಬಂದ್ರೂ ಅಳಿಯಂದ್ರೇ ಓದಬೇಕು. ಒಮ್ಮೆ ಬಟ್ಟಿ ಒಗಿಯೋ ಮಷೀನು ತಂದ್ರು. ಪುಸ್ತಕ ನನ್ನ ಕೈಯಾಗ ಇಟ್ಟು ಮನಿಮಂದೆಲ್ಲಾ ಸುತ್ತ ಕುಂತ್ರು. ಪುಟದ ಮ್ಯಾಲ ಒಂದು ಸೂರ್ಯನ ಚಿತ್ರ ಇತ್ತು, ಅದಕ್ಕ ಗೀಟು ಹೊಡದಿದ್ರು. “ಮೊದಲು ಮೂರು ದಿನ ಬಿಸಲಾಗ ಇಡಬೇಕಂತರೀ” ಅಂದೆ. ಬ್ಯಾಸಗಿ ಬಿಸಲು! ಮೂರನೇ ದಿನ ಮುಚ್ಚಳ ಹಪ್ಪಳ ಆಗಿ ಎದ್ದಿತ್ತು. ಮಾವ ಮುಚ್ಚಳ ಸವರಿ ನೋಡಿ ಅಂದ್ರು: “ಪಾಪ, ಅಳಿಯಂದ್ರು ಸರಿಯಾಗಿ ಓದಿ ಹೇಳ್ಯಾರ. ಮಷೀನಿಗೇ ತಡಕೊಳ್ಳೋ ತಾಕತ್ತಿಲ್ಲ.”

ಕುಂಚಾವರಂದಾಗ ಕಡೀ ಆಟ

ಹ್ವಾದ ವರ್ಷ ಮಾವನವರು ಹಾಸಿಗಿ ಹಿಡದ್ರು. “ಆ ಅಣ್ಣ-ತಮ್ಮರ ಪಿಚ್ಚರ್ ಇನ್ನೊಮ್ಮೆ ನೋಡಬೇಕು” ಅಂತ ಒಂದೇ ಹಟ. ನನ್ನ ಹೇಂತಿ ತಮ್ಮ ಹೈದ್ರಾಬಾದದಾಗ ಹುಡುಕಿ ಡಿಸ್ಕ್ ತಂದ. ಫೋನಿನಾಗ ಹಿಗ್ಗಿ ಹೇಳಿದ: “ಭಾವಾ, ಚಿತ್ರ ಕನ್ನಡಿಯಂಗ ಅದ, ಮಾತೆಲ್ಲಾ ತೆಲುಗಿನಾಗ!”

ಕುಂಚಾವರಂದವರಿಗೆ ತೆಲುಗು ಮನೀ ಮಾತು ಇದ್ದಂಗ. ಮೂವತ್ತು ವರ್ಷದ ಸುಳ್ಳು ಎರಡು ತಾಸಿನಾಗ ಬೈಲಾಗ್ತದ. ಹೇಂತಿ ಮುಂದ ಕುಂತು ಖರೆ ಹೇಳಿಬಿಟ್ಟೆ: “ನನಗ ಇಂಗ್ಲಿಷ್ ಬರೂದಿಲ್ಲ.”

“ಅದು ಮದಿವಿಯಾಗಿ ಎಂಟು ದಿನಕ್ಕೇ ನನಗ ಗೊತ್ತಾಗ್ಯದ,” ಅಂದ್ಲು. ಆಮ್ಯಾಲ ಕಣ್ಣೀರು ತಂದ್ಲು. “ಆದ್ರ ನಮ್ಮಪ್ಪಗ ಗೊತ್ತಾಗಬಾರದು. ‘ಜೀವನದಾಗ ಒಂದೇ ಲೆಕ್ಕ ಬರಾಬರ್ ಮಾಡೀನಿ, ಅಳಿಯನ್ನ ಆರಿಸಿದ್ದು’ ಅಂತ ದಿನಾ ಅಂತಾರ.”

ಅದನ್ನ ಕೇಳಿ ನನಗ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಆ ಮನುಷ್ಯಾನ ಈ ವಯಸ್ಸಿನಾಗ ನಾನು ಹ್ಯಾಂಗ ಮುರೀಲಿ?

ಮಧ್ಯಾಹ್ನ ಮಾವನವರಿಗೆ ದಿಂಬು ಕೊಟ್ಟು ಕುಂದ್ರಿಸಿದ್ರು. ಪಿಚ್ಚರ್ ಶುರು ಆಯ್ತು. ಬೋಳತಲಿ ಕಪ್ತಾನ ಕಬ್ಬಿಣದಂವನ್ನ ತೋರಿಸಿ ಶುದ್ಧ ತೆಲುಗಿನಾಗ ಹೇಳಿದ: “ಇದು ಬರೇ ಯಂತ್ರ, ಇದಕ್ಕ ಯಾರೂ ಇಲ್ಲ.”

ಮಾವ ಝಗ್ಗನೆ ನೆಟ್ಟಗ ಕುಂತ್ರು. “ಬಂದ್ ಮಾಡೋ ಆ ಧ್ವನಿ!” ಅಂದ್ರು. ನಾನು ಕಣ್ಣು ಮುಚ್ಚಿದೆ, ಮುಗೀತು ನನ್ನ ಕಥಿ.

“ಈ ತೆಲುಗಿನವರಿಗೆ ಇಂಗ್ಲಿಷೇ ಬರೂದಿಲ್ಲ! ಸ್ವಂತ ತಮ್ಮಗ ಯಂತ್ರ ಅಂತಾರ! ಅಳಿಯಂದ್ರೇ, ಏಳ್ರಿ, ನೀವ ಹೇಳ್ರಿ.”

ಉಳದ್ನೋ ಶಿವನೇ ಅಂತ ಟಿ.ವಿ. ಬಾಜೂಕ ಹೋಗಿ ನಿಂತೆ. ಮೂವತ್ತು ವರ್ಷ ಆಗಿತ್ತು ನೋಡ್ರಿ, ಒಂದು ಸುಳ್ಳೂ ನೆನಪಾಗವಲ್ದು!

“ಇವರಿಬ್ಬರೂ ಸಣ್ಣವರಿದ್ದಾಗ ರಾಯಚೂರು ಸ್ಟೇಷನ್ನಿನಾಗ ಅಗಲಿದ್ರು...”

“ರಾಯಚೂರಲ್ಲ, ವಾಡಿ.”

“ಹೌದ್ರಿ, ವಾಡಿ. ಈ ಬಿಳಿ ಅರಿವಿ ಹೆಣ್ಮಗಳು ಕಪ್ತಾನನ ಹೇಂತಿ...”

“ಸ್ವಾದರತ್ತಿ ಮಗಳು. ಲಗ್ನ ಇನ್ನೂ ಆಗಿಲ್ಲ.”

“ತಮ್ಮಗ ಕಬ್ಬಿಣದ ಫ್ಯಾಕ್ಟರಿಯಾಗ ಅಪಘಾತ ಆಗಿ...”

ಮಾವ ಕೈ ಎತ್ತಿ ನನ್ನ ನಿಂದರ್ಸಿದ್ರು. ನನ್ನ ಮಾರಿ ನೋಡಿದ್ರು. ಸಿಟ್ಟಿದ್ದಿಲ್ಲ, ಬರೇ ಕನಿಕರ. ಆಮ್ಯಾಲ ಮಗಳನ್ನ ಹಂತ್ಯಾಕ ಕರದು, ತಲಿ ಮ್ಯಾಲ ಕೈಯಾಡಿಸಿ, ಮೆಲ್ಲಕ ಹೇಳಿದ್ರು:

“ಧೈರ್ಯ ತಂದ್ಕೋ ತಂಗಿ. ನಾಳಿಗೇ ಕಲಬುರಗಿ ದವಾಖಾನಿಗೆ ಕರ್ಕೊಂಡು ಹೋಗಿ ಇವರ ತಲಿ ಫೋಟೊ ತೆಗಸು. ಇಂಗ್ಲಿಷ್ ಅಂತೂ ಪೂರಾ ಹ್ವಾತು, ಕನ್ನಡರೆ ಉಳೀಲಿ.”