ಹಳ್ಳದ ವೇಗ ಮತ್ತು ಉಪ್ಪಿನಕಾಯಿಯ ನಿಂಬೆಹಣ್ಣು

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಪಂಪುಗಳ ವಿನ್ಯಾಸ ಮಾಡುವುದೇ ನನ್ನ ಉದ್ಯೋಗ. ನೀರು ಎಲ್ಲಿಗೆ, ಎಷ್ಟು, ಯಾವ ವೇಗದಲ್ಲಿ ಹೋಗಬೇಕೆಂದು ನಾನು ಹೇಳುತ್ತೇನೆ, ಅದು ಹೋಗುತ್ತದೆ. ಹೀಗಿರುವಾಗ ಮನೆಯ ಹಿಂದಿನ ಯಃಕಶ್ಚಿತ್ ಹಳ್ಳವೊಂದು ನನ್ನ ಹೆಂಡತಿಯ ನಿದ್ದೆ ಕೆಡಿಸುವುದೆಂದರೇನು!

ಹಿಂದಿನ ಮಳೆಗಾಲದಲ್ಲಿ ಆ ಹಳ್ಳ ಉಕ್ಕಿ ನಮ್ಮ ಹೊಸ್ತಿಲವರೆಗೆ ಬಂದು, ಚಪ್ಪಲಿಗಳನ್ನು ಕರೆದುಕೊಂಡು ಹಿಂದಿರುಗಿತ್ತು.

"ರೀ, ಈ ಸಲ ನೀರು ಒಳಗೆ ಬರುತ್ತೋ ಇಲ್ವೋ, ಖಚಿತವಾಗಿ ಹೇಳಿ. ಬರೋದಾದ್ರೆ ಈಗ್ಲೇ ಮನೆ ಬದಲಾಯಿಸೋಣ," ಎಂದಳು ಶೈಲಜಾ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಮಹಡಿಯಲ್ಲಿರುವ ಓನರ್ ರುಕ್ಕಮ್ಮ ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರರ ಮನೆಯವರು. ಇಡೀ ಬೀದಿಯಲ್ಲಿ ಕನ್ನಡ ಮಾತಾಡುವವರು ಅವರೊಬ್ಬರೇ. ಅವರನ್ನು ಬಿಟ್ಟು ಹೋಗುವುದೆಂದರೆ ಶೈಲಜಾಗೆ ಎರಡನೇ ಸಲ ತವರು ಬಿಟ್ಟ ಹಾಗೆ.

"ಭಾನುವಾರ ಹೇಳ್ತೀನಿ," ಎಂದೆ, ದೊಡ್ಡ ಡಾಕ್ಟರ ಧಾಟಿಯಲ್ಲಿ.

ಹಳ್ಳ ಎಷ್ಟು ನೀರು ಸಾಗಿಸಬಲ್ಲದೆಂದು ತಿಳಿಯುವುದು ಸುಲಭ. ಅಗಲ, ಆಳ ಅಳೆಯಬೇಕು. ತೇಲುವ ವಸ್ತುವೊಂದನ್ನು ಬಿಟ್ಟು ವೇಗ ನೋಡಬೇಕು. ಪುಸ್ತಕದಲ್ಲಿ ಕಿತ್ತಳೆ ಎಂದಿದೆ. ನಮ್ಮ ಮನೆಯಲ್ಲಿದ್ದದ್ದು ಒಂದು ಚೀಲ ನಿಂಬೆಹಣ್ಣು. ಹಳ್ಳದ ನೊರೆ, ಪ್ಲಾಸ್ಟಿಕ್ಕಿನ ನಡುವೆ ಅವು ಕಾಣಬೇಕಲ್ಲ? ಶೈಲಜಾ ಸ್ನಾನಕ್ಕೆ ಹೋಗಿದ್ದಳು. ದೇವರ ಗೂಡಿನ ಕುಂಕುಮ ತೆಗೆದು ಪ್ರತಿ ಹಣ್ಣಿಗೂ ದಪ್ಪಗೆ ಬೊಟ್ಟಿಟ್ಟೆ. ಎಷ್ಟು ಚೆನ್ನಾಗಿ ಕಾಣುತ್ತಿದ್ದವು!

ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ದಡದ ಮೇಲೆ ನಿಂತು ಒಂದೊಂದೇ ಹಣ್ಣು ಬಿಟ್ಟೆ. ಮೊಬೈಲು ನೀರಿಗೆ ಬಿದ್ದೀತೆಂದು ಮನೆಯಲ್ಲೇ ಇಟ್ಟಿದ್ದೆ. ಹಾಗಾಗಿ ತುಟಿ ಅಲ್ಲಾಡಿಸುತ್ತಾ ಸೆಕೆಂಡು ಎಣಿಸಿದೆ. ಆ ದಿನ ಅಮಾವಾಸ್ಯೆ. ಎಂಜಿನಿಯರಿಂಗ್ ಪುಸ್ತಕದಲ್ಲಿ ತಿಥಿ ಹಾಕಿರುವುದಿಲ್ಲ!

ಟೇಪು ತರಲು ಮನೆಗೆ ಹೋಗಿ, ಹಾಗೇ ಕಾಫಿಯನ್ನೂ ಮುಗಿಸಿ ಬರುವಷ್ಟರಲ್ಲಿ ಬೀದಿ ಮೂಲೆಯ ಮೋರಿ ಸೇತುವೆಯ ಮೇಲೆ ಜನವೋ ಜನ. ಕೆಳಗೆ ಯಾರೋ ಎಸೆದ ಹಾಸಿಗೆಯೊಂದು ಹೂಳಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಅಂಚಿಗೆ ನನ್ನ ನಿಂಬೆಹಣ್ಣುಗಳೆಲ್ಲ ಕುಂಕುಮ ಇಟ್ಟುಕೊಂಡು ಶಿಸ್ತಾಗಿ ಸಾಲು ನಿಂತಿದ್ದವು.

"ಯಾರೋ ಸೂನಿಯಂ ವೆಚ್ಚುಟ್ಟಾಂಗ!" ಎಂದು ಒಬ್ಬರು ಕೂಗಿದರು. ಮಾಟ! ರುಕ್ಕಮ್ಮ ನನ್ನ ಕೈ ಹಿಡಿದುಕೊಂಡರು.

"ನೋಡು ತಂಬಿ, ನಮ್ಮ ಬೀದಿಗೇ ಮಡಗವ್ರೆ. ಯಾವ ಪಾವಿ ಮಾಡಿದ್ನೋ, ಅವನ ಕೈ ಬಿದ್ದೋಗ!"

ನಾನು ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡೆ.

ನಿಜ ಹೇಳುವ ಧೈರ್ಯ ಬರಲಿಲ್ಲ. ಬದಲಿಗೆ ಇನ್ನೊಂದು ಧೈರ್ಯ ಬಂತು. "ಇದೆಲ್ಲ ಮೂಢನಂಬಿಕೆ! ನಾನೇ ತೆಗೀತೀನಿ," ಎಂದು ಘೋಷಿಸಿ ಕೆಳಗಿಳಿದೆ. ಮೊದಲ ಹಣ್ಣಿಗೆ ಕೈ ಹಾಕಿದ್ದೇ ತಡ, ಕಾಲು ಜಾರಿ ಸೊಂಟದವರೆಗೆ ಹೂತುಹೋದೆ. ಸೇತುವೆ ಮೇಲೆ ಹಾಹಾಕಾರ! ಮಾಟಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಹಗ್ಗ ಹಾಕಿ ಎಳೆದು ನನ್ನನ್ನು ಮನೆಯಂಗಳಕ್ಕೆ ತಂದರು. ರುಕ್ಕಮ್ಮ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಶುರುಮಾಡಿದರು. ಅಷ್ಟರಲ್ಲಿ ಒಳಗಿನಿಂದ ಶೈಲಜಾಳ ದನಿ: "ರೀ, ಉಪ್ಪಿನಕಾಯಿಗೆ ತಂದ ನಿಂಬೆಹಣ್ಣೆಲ್ಲಾ ಎಲ್ಲಿಗೆ ಸಾಗಿಸಿದ್ರಿ?"

ಅಂಗಳದ ತುಂಬ ಜನ. ಆ ಮಾತು ಒಬ್ಬರಿಗೂ ಅರ್ಥವಾಗಲಿಲ್ಲ, ರುಕ್ಕಮ್ಮನವರನ್ನು ಬಿಟ್ಟು. ಕನ್ನಡ ಬಲ್ಲ ಓನರೇ ಬೇಕೆಂದು ಊರೆಲ್ಲ ಸುತ್ತಿ ಹುಡುಕಿದವರು ನಾವೇ ತಾನೆ!

ಮೆಣಸಿನಕಾಯಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ನೀನಾ?"

"ನೀರಿನ ವೇಗ ನೋಡೋಕೆ, ರುಕ್ಕಮ್ಮ... ನೀರು ಒಳಗೆ ಬರೋದಾದ್ರೆ ಮನೆ ಬಿಡೋಣ ಅಂತಾಳೆ ಇವಳು, ಅದಕ್ಕೆ..." ಇನ್ನು ನಮ್ಮನ್ನು ಮನೆ ಬಿಡಿಸಲು ಹಳ್ಳ ಬರಬೇಕಾಗಿರಲಿಲ್ಲ.

ರುಕ್ಕಮ್ಮ ಬಾಗಿಲಿಗೆ ಬಂದು ನಿಂತ ಶೈಲಜಾಳನ್ನು ನೋಡಿದರು. ಆಮೇಲೆ ಜನರ ಕಡೆ ತಿರುಗಿ, ಇದು ಯಾರೋ ಹೊರಗಿನವನ ಕೆಲಸ ಎಂದು ತಮಿಳಿನಲ್ಲಿ ಸಾರಿದರು. ಅದರಲ್ಲಿ ಸುಳ್ಳೇನಿರಲಿಲ್ಲ! ನನ್ನ ಕಿವಿಯಲ್ಲಿ ಮಾತ್ರ, "ಬಾಯಿ ಮುಚ್ಕೊಂಡಿರು. ಈ ಹುಡುಗಿ ಹೋಗ್ಬುಟ್ರೆ ನಾನ್ ಯಾರತ್ರ ಮಾತಾಡ್ಲಿ?" ಎಂದರು.

ಅಮ್ಮನ ಗುಡಿಯ ಪೂಜಾರಿ ಬಂದು, ಹಣ್ಣನ್ನು ಕೈಯಿಂದ ಮುಟ್ಟಬಾರದು, ಕೂತ ಮಣ್ಣಿನ ಸಮೇತ ತೆಗೆಯಬೇಕು ಎಂದು ಅಪ್ಪಣೆ ಕೊಡಿಸಿದರು. ಹೂಳು ತೆಗೆಸೋಣ ಎಂದರೆ ಎಂದೂ ಅಲುಗದ ಬೀದಿ, ಸಂಜೆಯೊಳಗೆ ಜೆಸಿಬಿ ತರಿಸಿತು. ಹಾಸಿಗೆ ಹೋಯಿತು, ಹೂಳು ಹೋಯಿತು, ಅಡಿಯಿಂದ ಒಂದು ಸೋಫಾ ಕೂಡ ಬಂತು. ಆಮೇಲೆ ಅಲ್ಲಿ ಕಸ ಎಸೆಯಲು ಯಾರಿಗೂ ಕೈ ಬರಲಿಲ್ಲ. ಆ ಮಳೆಗಾಲದಲ್ಲಿ ಹಳ್ಳ ತನ್ನ ಪಾಡಿಗೆ ತಾನು ಹರಿಯಿತು, ನಮ್ಮ ಚಪ್ಪಲಿಗಳು ಇದ್ದಲ್ಲೇ ಇದ್ದವು. ಕೀರ್ತಿಯೆಲ್ಲ ಪೂಜಾರಿಗೆ. ನನ್ನ ಅರ್ಧ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಮೊನ್ನೆ ರುಕ್ಕಮ್ಮ ಒಂದು ಚೀಲ ಹಿಡಿದು ಕೆಳಗೆ ಬಂದರು. ಒಳಗೆ ನಿಂಬೆಹಣ್ಣು.

"ಪಳ್ಳದಲ್ಲಿ ಮತ್ತೆ ಕಸ ಸೇರ್ತಾ ಐತೆ ತಂಬಿ. ಮಳೆಗೆ ಮುಂಚೆ ಒಂದೇ ಅಮಾವಾಸೆ ಇರೋದು."

ನಾನು ಓದಿದ್ದು ಹರಿವಿನ ಶಾಸ್ತ್ರ, ಮಾಟ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶೈಲಜಾ ಕುಂಕುಮದ ಭರಣಿ ತಂದು ಕೂತಾಗಿತ್ತು.

"ಬೊಟ್ಟು ನಾನಿಡ್ತೀನಿ ಬಿಡಿ. ನಿಮ್ಮದು ಎಂಜಿನಿಯರ್ ಬೊಟ್ಟು, ಸೊಟ್ಟಗಿರುತ್ತೆ."

ನಾನು ಪಂಚೆ ಎತ್ತಿ ಕಟ್ಟಿದೆ.