ಮೈನಸ್ ಸಕ್ಕರೆ

ತುಮಕೂರಿನ ಆ ಖಾಸಗಿ ಲ್ಯಾಬಿನಲ್ಲಿ ಹನುಮಂತರಾಜುವಿನ ದಿನ ಕೆಟ್ಟದ್ದು ಒಂದು ಗೆರೆಯಿಂದ. ಮೇಲೇಳುವ ಬದಲು ಅದು ಕೆಳಗಿಳಿದಿತ್ತು.

ಜೇನುತುಪ್ಪದ ಸ್ಯಾಂಪಲ್. ಕೂದಲೆಳೆಯಂಥ ಗಾಜಿನ ನಳಿಕೆಗೆ ಕರೆಂಟ್ ಕೊಟ್ಟರೆ ಒಳಗಿನ ಸಕ್ಕರೆಗಳು ಬೇರೆಬೇರೆಯಾಗಿ ಸಾಲಾಗಿ ಬರುತ್ತವೆ. ಬೆಳಕು ಹಾಯಿಸಿ ಅವನ್ನು ಹಿಡಿಯಬೇಕು. ಆದರೆ ಸಕ್ಕರೆ ಬೆಳಕು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ನಳಿಕೆಯ ದ್ರಾವಣದಲ್ಲಿ ಬೆಳಕು ಹೀರುವ ಪದಾರ್ಥ ಬೆರೆಸಿರುತ್ತಾರೆ. ಸಕ್ಕರೆ ಬಂದಾಗ ಆ ಪದಾರ್ಥ ಜಾಗ ಬಿಡುತ್ತದೆ, ಹೀರುವ ಬೆಳಕು ಕಮ್ಮಿಯಾಗಿ ಗೆರೆ ತಗ್ಗುತ್ತದೆ. ಈ ಜೇನಿನಲ್ಲಿ ಕಬ್ಬಿನ ಸಕ್ಕರೆಯ ತಗ್ಗು ಮಳೆಗಾಲದ ರಸ್ತೆಗುಂಡಿಯ ಹಾಗಿತ್ತು.

ಪಕ್ಕದ ಟೇಬಲ್ಲಿನ ನಾಗಭೂಷಣ್ ಬಗ್ಗಿ ನೋಡಿದ. "ಮೆಷಿನ್ ಕೆಡಿಸ್ಬಿಟ್ಟೆ ಕಣೋ!" ಎಂದವನೇ ಪ್ರಿಂಟನ್ನು ತಲೆಕೆಳಗು ಮಾಡಿಟ್ಟು, "ಈಗ ಸರಿಹೋಯ್ತು ನೋಡು" ಎಂದು ದೊಡ್ಡ ಇಂಜಿನಿಯರನ ಗತ್ತಿನಲ್ಲಿ ಕಾಫಿಗೆ ಹೋದ.

ಮ್ಯಾನೇಜರ್ ಲಕ್ಷ್ಮೀನರಸಿಂಹಯ್ಯ ಬಂದರು. ವಿಜ್ಞಾನ ಎಸ್ಸೆಸ್ಸೆಲ್ಸಿಯಲ್ಲೇ ಅವರ ಕೈಬಿಟ್ಟಿತ್ತು. ಹಾಗಾಗಿ ಲ್ಯಾಬ್ ನಡೆಸುತ್ತಿದ್ದರು. ಪ್ರಿಂಟನ್ನು ನೆಟ್ಟಗೆ ಹಿಡಿದು ನೋಡಿದರು.

"ಸೊನ್ನೆಗಿಂತ ಕೆಳಗೆ! ಅಂದ್ರೆ ಸಕ್ಕರೆ ಮೈನಸ್. ಅಪ್ಪಟ ಜೇನು. ಪಾಸ್ ಅಂತ ಬರೀರಿ. ಕಸ್ಟಮರ್ ಆಚೆ ಕೂತವ್ರೆ, ಬೇಜಾರಾದ್ರೆ ಮತ್ತೆ ಬರಲ್ಲ."

"ಸಾರ್, ಗೆರೆ ಇಳಿದ್ರೇನೇ ಸಕ್ಕರೆ ಇದೆ ಅಂತ ಅರ್ಥ..."

"ನಿಮ್ ಸಂಬಳ ಇಳಿದ್ರೆ ಏನ್ ಅರ್ಥ ರಾಜು?"

ಹನುಮಂತರಾಜು 'ಪಾಸ್' ಎಂದು ಟೈಪ್ ಮಾಡಿದ. ಸಹಿಗೆ ಮಾತ್ರ ಕೈ ಬರಲಿಲ್ಲ. ಹನ್ನೆರಡು ವರ್ಷ ತೋರಿಸಿದ ಕಡೆಯೆಲ್ಲ ಸಹಿ ಗೀಚಿದ ಕೈ ಇವತ್ತು ಹಠ ಹಿಡಿಯಿತು. ಎದ್ದವನೇ ನೇರ ಆಚೆ ನಡೆದ.

ಬೆಂಚಿನ ಮೇಲೆ ಗುಬ್ಬಿಯ ಸಿಹಿತಿಂಡಿ ಅಂಗಡಿಯ ದ್ಯಾವಪ್ಪ ಕೂತಿದ್ದ.

"ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ನಿಮ್ ಜೇನ್ನಲ್ಲಿ ಸಕ್ಕರೆ ಪಾಕ ಬೆರೆಸವ್ರೆ."

ದ್ಯಾವಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ಬೇಜಾರಾ? ಇದನ್ನ ಕೇಳಕ್ಕೇ ಬಂದಿರೋದು ಸ್ವಾಮಿ! ನಾನು ಮಾರೋನಲ್ಲ, ಕೊಂಡು ಮೋಸ ಹೋದೋನು. ರಿಪೋರ್ಟ್ ಕೊಡಿ, ಆ ಕಳ್ಳನ್ನ ಕೋರ್ಟಿಗೆ ಎಳೀತೀನಿ."

ಹಿಂದೆಯೇ ಓಡಿಬಂದಿದ್ದ ಮ್ಯಾನೇಜರು ಕೆಮ್ಮಿದರು. "ನಾನು ಆಗ್ಲೇ ಹೇಳ್ಲಿಲ್ವಾ ರಾಜು, ಗೆರೆ ಇಳಿದ್ರೆ ಕಲಬೆರಕೆ ಅಂತ?"

ಹನುಮಂತರಾಜು ಹೊಸ ರಿಪೋರ್ಟಿಗೆ ಎದೆಯುಬ್ಬಿಸಿ ಸಹಿ ಹಾಕಿದ, ಸೀಲು ಒತ್ತಿದ. "ಕೋರ್ಟಲ್ಲೂ ಬಂದು ಹೇಳ್ತೀನಿ. ಯಾರು ಆ ಕಳ್ಳ?"

"ಕುಣಿಗಲ್ ವೆಂಕಟರಂಗಯ್ಯ ಅಂತ. ಏನ್ ಧೈರ್ಯ ಅಂತೀರಾ! 'ನನ್ನ ಅಳಿಯಾನೇ ತುಮಕೂರಲ್ಲಿ ಲ್ಯಾಬಲ್ಲವ್ನೆ, ಬೇಕಾದ್ರೆ ಟೆಸ್ಟ್ ಮಾಡ್ಸ್ಕೋ ಹೋಗು' ಅಂದ."

ಆ ಅಳಿಯ ಬೆಂಚಿನ ಮೇಲೆ ಕುಸಿದು ಕೂತ.

ದ್ಯಾವಪ್ಪ ಗಾಬರಿಯಿಂದ ತನ್ನ ಬಾಟಲಿಯ ನೀರು ಕುಡಿಸಿ, ರಿಪೋರ್ಟನ್ನು ಮಡಚಿ ಜೇಬಿಗಿಟ್ಟ.

"ಆ ಅಳಿಯ ಯಾವ ಲ್ಯಾಬು ಅಂತ ವಸಿ ವಿಚಾರ್ಸಿ ಸ್ವಾಮಿ. ಕೇಸ್ನಲ್ಲಿ ಅವನ್ನೂ ಸೇರಿಸ್ಬುಡಾನ."